ಬಾಗಿಲು ಹಾಕಿ ಅಂಟಿಸಿದ ಬಟ್ಟೆ

ನೀವು ಕಾರಿನಲ್ಲಿ ಕುಳಿತಾಗ ತಲೆಯಿಂದ ಒಂದು ಗೇಣು ಮೇಲೆ ನುಣುಪಾಗಿ ಹರಡಿಕೊಂಡಿರುವ ಆ ಬಟ್ಟೆಯನ್ನು ಅಂಟಿಸಿದ ಮನುಷ್ಯ, ಅಂಟಿಸುವ ಹೊತ್ತಿನಲ್ಲಿ ಏನನ್ನು ಉಸಿರಾಡುತ್ತಿದ್ದ ಎಂದು ಒಮ್ಮೆಯಾದರೂ ನಿಮ್ಮನ್ನು ನೀವು ಕೇಳಿಕೊಂಡಿದ್ದೀರಾ?

ನಾನು ಕೇಳಿಕೊಂಡಿರಲಿಲ್ಲ. ಕಾಲೇಜಿನಲ್ಲಿದ್ದಾಗ ಕಾರ್ಮಿಕರ ಹಕ್ಕುಗಳನ್ನು ಕುರಿತ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿ ಮಾತಾಡಿದ್ದೇನೆ. ಚೀಟಿ ಎತ್ತಿದಾಗ ವಿರೋಧ ಬಂದರೆ ವಿರೋಧವಾಗಿಯೂ ಮಾತಾಡಿದ್ದೇನೆ. ಎರಡೂ ಕಡೆಯಿಂದ ಬಹುಮಾನ ತಂದಿದ್ದೇನೆ. ಈಗ ಹೊಸಕೋಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕೆರೆಗೆ ಕಟ್ಟಡದ ಅವಶೇಷ ಸುರಿಯುವುದರ ವಿರುದ್ಧ, ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದಿರುವುದರ ವಿರುದ್ಧ ನಾನು ಬರೆದ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಒಂದು ಕಡತದಷ್ಟಾದರೂ ಇರಬೇಕು. ಆದರೆ ಇಪ್ಪತ್ತೆರಡು ವರ್ಷ ಆ ಬಟ್ಟೆಯನ್ನು ಅಂಟಿಸಿದ ಮನುಷ್ಯ ನಮ್ಮ ಕಾಂಪೌಂಡು ಗೋಡೆಯ ಆಚೆಯ ಮನೆಯಲ್ಲಿಯೇ ಇದ್ದರು. ಅವರು ನನ್ನ ತಂದೆಯ ತಮ್ಮ. ಚಿಕ್ಕಪ್ಪ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, ‘ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿ’ ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗಿಬಿಡುತ್ತಿದ್ದೆ.

ನನ್ನ ಕಾರು ಹನ್ನೊಂದು ವರ್ಷ ಹಳೆಯದು. ಕಾಲೇಜಿನ ಅಂಗಳದಲ್ಲಿ ನೆರಳಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದು ಬಿಸಿಲಿನಲ್ಲಿ ಬೇಯುತ್ತದೆ. ಕಳೆದ ಬೇಸಿಗೆಯ ಆರಂಭದಲ್ಲಿ ಹಿಂದಿನ ಗಾಜಿನ ಬಳಿ ಒಳಚಾವಣಿಯ ಬಟ್ಟೆ ಅಂಗೈಯಗಲ ಬಿಟ್ಟುಕೊಂಡಿತು. ಗುಂಡುಪಿನ್ನು ಚುಚ್ಚಿ ನಿಲ್ಲಿಸಿದೆ. ಪಿನ್ನುಗಳು ಒಂದೊಂದಾಗಿ ಸೀಟಿನ ಮೇಲೆ ಉದುರಿದವು. ಹಲಸು ಹಣ್ಣಾಗುವ ಹೊತ್ತಿಗೆ ಬಟ್ಟೆ ತೊಟ್ಟಿಲಿನಂತೆ ಜೋತುಬಿದ್ದು, ಹಿಂದೆ ಕೂತವರ ತಲೆಗೆ ತಾಗುತ್ತಿತ್ತು. ನನ್ನೊಂದಿಗೆ ದಿನವೂ ಬರುವ ಸಹೋದ್ಯೋಗಿಯೊಬ್ಬರು, “ನಿಮ್ಮ ಕಾರಲ್ಲಿ ಕೂತ್ರೆ ಮದುವೆ ಶಾಮಿಯಾನದ ಕೆಳಗೆ ಕೂತಂಗೆ ಮೇಡಂ, ಊಟ ಮಾತ್ರ ಹಾಕ್ಸಲ್ಲ ನೀವು” ಎಂದರು.

ಹಳೇ ಮದ್ರಾಸು ರಸ್ತೆಯ ಪಕ್ಕದ ಕುಶನ್ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು ಕಾರಿನೊಳಕ್ಕೆ ತಲೆ ಹಾಕಿ ನೋಡಿ, “ಬೆಳಿಗ್ಗೆ ಬಿಟ್ಟೋಗಿ, ಸಂಜೆ ತಗೊಂಡೋಗಿ” ಎಂದ. ಅವನ ಹಿಂದೆ ಇನ್ನೊಂದು ಕಾರು ಎಲ್ಲ ಗಾಜು ಏರಿಸಿಕೊಂಡು ಬಿಸಿಲಿನಲ್ಲಿ ನಿಂತಿತ್ತು. ಒಳಗೆ ಯಾರೋ ಅಂಗಾತ ಮಲಗಿದಂತೆ ಎರಡು ಅಂಗಾಲು ಗಾಜಿಗೆ ಒತ್ತಿಕೊಂಡು ಕಾಣುತ್ತಿದ್ದವು. ಆ ಅಂಗಾಲುಗಳನ್ನು ನಾನು ನೋಡಿದೆ. ನೋಡಿಯೂ ಸಂಜೆ ಎಷ್ಟು ಗಂಟೆಗೆ ಸಿಗುತ್ತದೆ ಎಂದು ಕೇಳಿದೆ. ಇದನ್ನು ಬರೆಯುವಾಗ ನನಗೆ ಮೊದಲು ನನ್ನ ಮೇಲೆಯೇ ಕೋಪ ಬರುತ್ತದೆ, ಆದ್ದರಿಂದ ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಿಷಯ ತಿಳಿದು ಚಿಕ್ಕಪ್ಪ ಮುನಿಸಿಕೊಂಡರು. ಗೋಡೆಯ ಆಚೆಯಿಂದಲೇ ಮಾತು ಬಂತು.

“ಗಮ್ ಸೆಕ್ಷನ್ನಲ್ಲಿ ಇಪ್ಪತ್ತೆರಡು ವರ್ಷ ಮಾಡ್ದೋನು ಪಕ್ಕದ ಮನೇಲಿ ಅವ್ನೆ. ನೀನು ಅಂಗಡಿ ಹುಡುಕ್ಕೊಂಡು ಹೋಗ್ತೀಯಾ. ಊರೋರು ಕೇಳುದ್ರೆ ನನ್ನ ಮುಖಕ್ಕೆ ಉಗೀತಾರೆ ಕಣವ್ವ.”

“ನಿನಗ್ಯಾಕೆ ತೊಂದರೆ ಅಂತ ಚಿಕ್ಕಪ್ಪ.”

“ತೊಂದ್ರೆ ಏನು ಬಂತು? ಬಟ್ಟೆ ತಂದಿಡು, ಒಂದು ಡಬ್ಬ ಗಮ್ ತಂದಿಡು. ಶನಿವಾರ ಬರ್ತೀನಿ. ಸೋಮವಾರದಿಂದ ನಾನು ಕೈಗೆ ಸಿಗಾಕಿಲ್ಲ, ಗೊತ್ತೇನು? ನಾನೂ ನಿನ್ನಂಗೆ ಮೇಷ್ಟ್ರು ಆಗ್ತಿದ್ದೀನಿ.”

ಸುದ್ದಿ ಹೀಗಿತ್ತು. ಹಿಂದಿನ ವರ್ಷ ಅವರಿಗೆ ಅದೇ ಫ್ಯಾಕ್ಟರಿಯಿಂದ ನಿವೃತ್ತಿಯಾಗಿತ್ತು. ಈಗ ಅಲ್ಲಿಯ ಕಂಟ್ರಾಕ್ಟರ್ ಫೋನು ಮಾಡಿ, ಗಮ್ ಸೆಕ್ಷನ್ನಿಗೆ ಹೊಸದಾಗಿ ಹನ್ನೊಂದು ಹೆಂಗಸರನ್ನು ತೆಗೆದುಕೊಂಡಿದ್ದೇವೆ, ಕೆಲಸ ಕಲಿಸಲು ಹಳೆಯ ಕೈ ಬೇಕು, ಬನ್ನಿ ಎಂದಿದ್ದ. ಕಾರುಗಳ ಒಳಚಾವಣಿಗೆ ಬಟ್ಟೆ ಮೆತ್ತುವುದು ಆ ವಿಭಾಗದ ಕೆಲಸ. ಚಿಕ್ಕಪ್ಪನಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟಾಗಿನಿಂದ, ಓದಿದ ಅಣ್ಣನ ಎದುರು, ಆಮೇಲೆ ಓದಿದ ಅಣ್ಣನ ಮಗಳ ಎದುರು, ಅವರು ಸ್ವಲ್ಪ ಬಾಗಿಯೇ ನಿಲ್ಲುತ್ತಿದ್ದವರು. ಕಲಿಸಲು ಯಾರೋ ಕರೆದದ್ದು ಜೀವಮಾನದಲ್ಲಿ ಇದೇ ಮೊದಲು. ಹೊಸ ಅಂಗಿ ಹೊಲಿಸಿಟ್ಟುಕೊಂಡಿದ್ದರು.

ಶನಿವಾರ ಒಂಬತ್ತು ಗಂಟೆಗೆ ಅವರು ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಒಳಗೆ ಹೊಕ್ಕರು. ನಾನು ಅಡುಗೆಮನೆಯಲ್ಲಿದ್ದೆ. ನಮ್ಮ ಬೀದಿಯಲ್ಲಿ ಜಲ್ಲಿ ಮತ್ತು ಮರಳಿನ ಲಾರಿಗಳು ಹಗಲೆಲ್ಲ ಓಡುತ್ತವೆ. ಗಿಡದ ಎಲೆಗಳ ಮೇಲೂ ಬೂದಿ ಬಣ್ಣದ ಪುಡಿ ಕೂತಿರುತ್ತದೆ. ಅರ್ಧ ಗಂಟೆಯ ಮೇಲೆ ಗಮ್ಮಿನ ವಾಸನೆ ಅಡುಗೆಮನೆಗೂ ಬಂತು. ಮೊದಲು ಸಿಹಿಯಂತೆ ಬಂದು, ಆಮೇಲೆ ಹಣೆಯ ನಡುವೆ ಒತ್ತಿದಂತೆ ಹಿಡಿದುಕೊಂಡಿತು. ಹೊರಗೆ ಬಂದು ನೋಡಿದರೆ ಕಾರಿನ ನಾಲ್ಕು ಬಾಗಿಲೂ ಹಾಕಿವೆ, ಎಲ್ಲ ಗಾಜೂ ಏರಿವೆ. ಒಳಗೆ ಚಿಕ್ಕಪ್ಪ ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿ, ಎಡಗೈಯಲ್ಲಿ ಬಟ್ಟೆ ಎತ್ತಿ ಹಿಡಿದು, ಬಲಗೈಯಲ್ಲಿ ಬ್ರಷ್ಷಿನಿಂದ ಗಮ್ ಹಚ್ಚುತ್ತಿದ್ದಾರೆ. ಮೂಗಿನಿಂದ ಅರ್ಧ ಮೊಳ ದೂರದಲ್ಲಿ ಡಬ್ಬದ ಬಾಯಿ ತೆರೆದಿದೆ. ಕಣ್ಣು ಕೆಂಡದಂತಾಗಿದೆ, ಅಂಗಿ ಬೆವರಿಗೆ ಮೈಗೆ ಮೆತ್ತಿದೆ.

ಬಾಗಿಲು ಎಳೆದು ತೆರೆದೆ.

“ಹಾಕು ಹಾಕು, ಧೂಳು ಬೀಳುತ್ತೆ.”

“ಚಿಕ್ಕಪ್ಪ, ಮೊದಲು ಹೊರಗೆ ಬಾ.”

“ಹಾಕವ್ವ ಬಾಗ್ಲು, ಗಮ್ ಹಸಿ ಐತೆ.”

ನಾನು ಹಾಕಲಿಲ್ಲ. ಉಳಿದ ಮೂರು ಬಾಗಿಲುಗಳನ್ನೂ ತೆರೆದುಬಿಟ್ಟೆ. ಆ ಕ್ಷಣಕ್ಕೇ ಒಂದು ಲಾರಿ ಹೋಯಿತು. ಎದ್ದ ಪುಡಿ ಕಾರಿನೊಳಗೆ ಹೊಕ್ಕು, ಹಸಿಯಾಗಿದ್ದ ಗಮ್ಮಿನ ಮೇಲೆ ಮೈದಾ ಚಿಮುಕಿಸಿದಂತೆ ಕೂತಿತು. ಚಿಕ್ಕಪ್ಪ ಬ್ರಷ್ಷನ್ನು ಡಬ್ಬಕ್ಕೆ ಎಸೆದು ಹೊರಗೆ ಬಂದರು. ನನ್ನ ಮೇಲೆ ಅವರು ದನಿ ಏರಿಸಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ.

“ಹಾಳ್ ಮಾಡ್ಬಿಟ್ಟೆ. ಇನ್ನು ಗುಳ್ಳೆ ಏಳುತ್ತೆ ಅಲ್ಲೆಲ್ಲ. ಓದ್ದೋರು ಅಂದ್ರೆ ಕೆಲ್ಸ ಗೊತ್ತಿರಲ್ಲ, ಗೊತ್ತಿರೋರ ಕೈನೂ ಹಿಡೀತೀರಾ.”

“ಆ ವಾಸನೆಗೆ ಅಡುಗೆಮನೇಲಿ ನನ್ನ ತಲೆ ಸುತ್ತುತಾ ಇದೆ. ನೀನು ಅದರೊಳಗೇ ಮಲಗಿದ್ದೀಯಲ್ಲ.”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ವಾಸ್ನೆನಾ? ಅಷ್ಟೊಂದು ಐತಾ?”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಗ ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದ ಚಿಕ್ಕಮ್ಮ ಮಾತು ಸೇರಿಸಿದರು.

“ಅವ್ರಿಗೆಲ್ಲಿ ಬರ್ತದೆ ವಾಸ್ನೆ? ಒಲೆ ಮ್ಯಾಲೆ ಹಾಲು ಸೀದು ಕರಕಲಾದ್ರೂ ಪಕ್ಕದಾಗೇ ಕೂತು ಪೇಪರ್ ಓದ್ತಿರ್ತಾರೆ. ನಿಮ್ಮ ಜಗಲಿ ಮ್ಯಾಲೆ ಹಲಸಿನಹಣ್ಣು ಐತಲ್ಲ, ಹಣ್ಣಾಗೈತಾ ಕಾಯಾ ಅಂತ ಕೇಳು ನೋಡುವಾ.”

ಹಣ್ಣು ಜಗಲಿಯ ಮೂಲೆಯಲ್ಲಿತ್ತು. ಎರಡು ದಿನಗಳಿಂದ ಬೀದಿಯಲ್ಲಿ ಹೋಗುವವರು ಕೂಡ ಯಾವಾಗ ಕೊಯ್ಯುತ್ತೀರಿ ಎಂದು ಕೇಳುವಷ್ಟು ಘಮ ಅದಕ್ಕಿತ್ತು. ಚಿಕ್ಕಪ್ಪ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟಿದ್ದರು. ಈಗ ಅವರು ಹೋಗಿ, ಬಗ್ಗಿ, ಬೆರಳ ಗೆಣ್ಣಿನಿಂದ ಅದರ ಮೇಲೆ ತಟ್ಟಿ ಸದ್ದು ಆಲಿಸಿದರು.

“ಹಣ್ಣಾಗೈತೆ” ಎಂದರು.

ಅವರು ಜಗಲಿಯ ಮೇಲೆ ಕುಳಿತು, ಮುಖ ಒರೆಸಿಕೊಂಡು, ಸ್ವಲ್ಪ ಸಮಾಧಾನದ ದನಿಯಲ್ಲಿ ಹೇಳಿದರು: “ಒಂದು ತುಂಡು ಬೆಲ್ಲ ಕೊಡವ್ವ. ಗಮ್ ಕೆಲ್ಸ ಆದ್ಮೇಲೆ ತಿನ್ಬೇಕು. ಎದೆ ಒಳಗಿಂದೆಲ್ಲ ಎಳ್ಕೊಂಡು ಹೋಗುತ್ತೆ.”

ಬೆಲ್ಲದ ಡಬ್ಬ ತರಲು ಒಳಗೆ ಹೋದವಳು ಅಲ್ಲಿಯೇ ನಿಂತುಬಿಟ್ಟೆ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ಸಂಜೆ ಚಿಕ್ಕಪ್ಪನ ಸೈಕಲ್ಲು ತಿರುವಿನಲ್ಲಿ ಕಂಡರೆ ಮನೆಯ ಮಕ್ಕಳೆಲ್ಲ ಓಡುತ್ತಿದ್ದೆವು. ಅವರ ಟಿಫಿನ್ ಡಬ್ಬಿಯ ಮೇಲಿನ ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ, ಎರಡು ಬಾಳೆಹಣ್ಣು ಇರುತ್ತಿದ್ದವು. ಗಮ್ ಸೆಕ್ಷನ್ನಿನವರಿಗೆ ಮಾತ್ರ ಅದನ್ನು ಕೊಡುತ್ತಿದ್ದರು, ಹೊಲಿಗೆಯವರಿಗಿಲ್ಲ, ಕಟಿಂಗಿನವರಿಗಿಲ್ಲ. ಗಮ್ ಸೆಕ್ಷನ್ನು ಎಂದರೆ ಒಂದು ಕೈ ಮೇಲು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಹೆಮ್ಮೆಯಿತ್ತು. ಚಿಕ್ಕಪ್ಪ ಆ ಬೆಲ್ಲವನ್ನು ತಾವು ತಿನ್ನದೆ ಜೋಪಾನವಾಗಿ ತಂದು ನಮಗೆ ಒಡೆದು ಹಂಚುತ್ತಿದ್ದರು. ಯುಗಾದಿಯ ಒಬ್ಬಟ್ಟಿಗೆ ತಿಂಗಳೆಲ್ಲ ಉಳಿಸಿಡುತ್ತಿದ್ದರು. ‘ನಮ್ಮ ಓನರು ಧರ್ಮಾತ್ಮ’ ಎಂದು ನನ್ನ ಅಜ್ಜಿ ಹೇಳುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ.

ಅದು ಧರ್ಮವಲ್ಲ. ಫ್ಯಾಕ್ಟರಿಯವರಿಗೆ ಗೊತ್ತಿತ್ತು. ಆ ಕೋಣೆಯ ಗಾಳಿ ಕೆಟ್ಟದ್ದೆಂದು ಗೊತ್ತಿಲ್ಲದಿದ್ದರೆ ಆ ಕೋಣೆಯವರಿಗೆ ಮಾತ್ರ ಬೆಲ್ಲ ಕೊಡುವುದು ಏಕೆ? ಗಾಳಿ ಹೊರಗೆ ಹೋಗುವ ದಾರಿ ಮಾಡುವ ಬದಲು, ಮನುಷ್ಯನ ಕೈಗೆ ಬೆಲ್ಲ ಕೊಟ್ಟು ಕಳಿಸಿದರು. ಒಳಗೆ ಹೋದದ್ದನ್ನು ಅವನೇ ಹೇಗೋ ತೊಳೆದುಕೊಳ್ಳಲಿ ಎಂದು. ಬೆಲ್ಲ ಯಾವ ಶ್ವಾಸಕೋಶವನ್ನೂ ತೊಳೆಯುವುದಿಲ್ಲ. ತೊಳೆಯುತ್ತದೆ ಎಂದು ನಂಬಿದ ಚಿಕ್ಕಪ್ಪ, ನಂಬಿದ ಮೇಲೂ ಅದನ್ನು ಮನೆಯ ಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳಲ್ಲಿ ನಾನೂ ಒಬ್ಬಳು. ದೊಡ್ಡ ತುಂಡಿಗಾಗಿ ಜಗಳವಾಡಿ ತಿಂದವಳು. ಅಡುಗೆಮನೆಯಲ್ಲಿ ನಿಂತು ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ.

ಚಿಕ್ಕಪ್ಪನ ಮೇಲೆಯೇ ಇಳಿಸಿದೆ. ಸೋಮವಾರ ಹೋಗಬೇಡ ಎಂದೆ. ವಾದವನ್ನು ಕ್ರಮವಾಗಿ ಕಟ್ಟಿದೆ. ನಿನ್ನ ಮೂಗು ಹೋಗಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೀಯ. ಇದು ಆ ಕೋಣೆಯಿಂದಲೇ ಬಂದದ್ದು. ಮತ್ತೆ ಅಲ್ಲಿಗೆ ಹೋಗುವುದೆಂದರೆ ಉಳಿದ ಉಸಿರನ್ನೂ ಕೊಟ್ಟು ಬರುವುದು. ಅವರು ಬೆಲ್ಲ ಚೀಪುತ್ತ ಕೇಳಿಸಿಕೊಂಡರು.

“ಯಾರೂ ಸತ್ತಿಲ್ಲ ಕಣವ್ವ ಅಲ್ಲಿ.”

“ಎಲ್ಲರೂ ಚೆನ್ನಾಗಿದ್ದಾರಾ?”

ಅವರು ಬೆರಳು ಮಡಚುತ್ತ ಹೋದರು. ಒಬ್ಬನಿಗೆ ಕೆಮ್ಮು, ಅದು ಬೀಡಿಯದು. ಇನ್ನೊಬ್ಬನಿಗೆ ಕೈ ನಡುಗುತ್ತದೆ, ಅದು ಕುಡಿತದ್ದು. ಮತ್ತೊಬ್ಬ ಬೀಡಿಯನ್ನೂ ಸೇದುತ್ತಿರಲಿಲ್ಲ, ಹೆಂಡವನ್ನೂ ಮುಟ್ಟುತ್ತಿರಲಿಲ್ಲ ಎಂದು ಹೇಳಿ, ಮಡಚಿದ ಬೆರಳನ್ನು ಹಾಗೆಯೇ ಹಿಡಿದುಕೊಂಡರು. ಆಮೇಲೆ, “ಸರಿ, ಬಾಗ್ಲು ತೆಗ್ದೇ ಮಾಡ್ತೀನಿ ಅಂತ ಇಟ್ಕೋ. ಧೂಳಿಗೇನ್ ಮಾಡ್ತೀಯಾ? ಧೂಳು ಬಿದ್ರೆ ಗುಳ್ಳೆ, ಗುಳ್ಳೆ ಬಂದ್ರೆ ಪೀಸ್ ರಿಜೆಕ್ಟು. ಅಲ್ಲಿ ಶಟರ್ ಎತ್ತುದ್ರೆ ಇಡೀ ಪಿಲ್ಲಗುಂಪೆ ಲಾರಿ ಧೂಳು ಒಳಗೆ. ಎಕ್ಸಾಸ್ಟ್ ಫ್ಯಾನ್ ಹಾಕಿದ್ರು, ಅದು ಓಡುದ್ರೆ ಸಂದೀಲಿ ಧೂಳು ಎಳೆಯುತ್ತೆ ಅಂತ ನಾವೇ ಆಫ್ ಮಾಡ್ತಿದ್ವಿ. ನಾವೇ ಕಣವ್ವ, ಓನರ್ ಅಲ್ಲ. ಇದಕ್ಕೆ ಹೇಳು ಉತ್ತರ, ಭಾಷಣ ಬ್ಯಾಡ.”

ಎಷ್ಟೋ ತೀರ್ಪುಗಾರರ ಎದುರು ಮಾತಾಡಿದ್ದೇನೆ. ಒಬ್ಬರೂ ನನ್ನನ್ನು ಧೂಳಿಗೇನು ಮಾಡುತ್ತೀ ಎಂದು ಕೇಳಿರಲಿಲ್ಲ. ಆಡಿದ ಮಾತೆಲ್ಲ ಸರಿಯಾಗಿದ್ದೂ ನಾನು ಆ ಬೆಳಿಗ್ಗೆ ಸೋತಿದ್ದೆ. ಅವರು ಎದ್ದು, ಚಪ್ಪಲಿ ಮೆಟ್ಟಿಕೊಂಡು, ನಾಳೆ ಕೆರೆದು ಮತ್ತೆ ಅಂಟಿಸೋಣ, ಆದರೆ ಬಾಗಿಲು ಹಾಕಿಯೇ ಎಂದು ಹೇಳಿ ಹೊರಟರು.

ಆಗ ಚಿಕ್ಕಮ್ಮ ಒದ್ದೆ ಸೀರೆಯನ್ನು ಕೊಡವುತ್ತ ಹೇಳಿದರು: “ಅಲ್ಲಾ, ಧೂಳು ಏಳ್ದಂಗೆ ಮಾಡಾದು ನಿಮ್ಮಿಬ್ರಿಗೂ ಗೊತ್ತಿಲ್ವಾ? ದಿನಾ ಬೆಳಿಗ್ಗೆ ಎದ್ದು ಬಾಗಿಲ ಮುಂದೆ ನಾನು ಏನು ಮಾಡ್ತೀನಿ ಅಂದ್ಕೊಂಡಿದ್ದೀರಾ? ಕುಣೀತೀನಾ?”

ಚಿಕ್ಕಪ್ಪ ನಕ್ಕರು. ಕಾರಿನೊಳಗೆ ನೀರು ಚಿಮುಕಿಸುತ್ತೀಯಾ ಎಂದು ಕೇಳಿದರು.

“ಕಾರಿಗೆ ಯಾಕೆ ಚಿಮುಕುಸ್ಲಿ? ಆ ರೂಫನ್ನೇ ಈಚೆಗೆ ತನ್ನಿ. ಹಿತ್ಲಲ್ಲಿ ಜಾಗ ಇಲ್ವಾ? ನೆಲ ನೆನೆಸ್ಕೊಡ್ತೀನಿ. ಒಂದು ಕಣ ಧೂಳು ಎದ್ರೆ ಕೇಳಿ.”

ಒಳಚಾವಣಿಯನ್ನು ಹೊರತೆಗೆಯುವುದು ಚಿಕ್ಕಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಫ್ಯಾಕ್ಟರಿಯಲ್ಲಿ ಅದು ಹೊರಗೆಯೇ ಇರುತ್ತದೆ: ಒತ್ತಿದ ನಾರಿನ ಒಂದು ಹಗುರ ಹಲಗೆ, ಅದಕ್ಕೆ ಬಟ್ಟೆ ಮೆತ್ತಿ ಆಮೇಲೆ ಕಾರಿಗೆ ಕೂರಿಸುತ್ತಾರೆ. ರಿಪೇರಿಯಲ್ಲಿ ಅದನ್ನು ಬಿಚ್ಚುವ ತಾಪತ್ರಯ ಯಾರೂ ತೆಗೆದುಕೊಳ್ಳುವುದಿಲ್ಲ. ಬಿಚ್ಚಿದರೆ ಒಂದು ದಿನ ಹೆಚ್ಚು ಬೇಕು. ಆ ಒಂದು ದಿನವನ್ನು ಉಳಿಸಲು ಮನುಷ್ಯ ಒಳಗೆ ಮಲಗುತ್ತಾನೆ.

ಭಾನುವಾರ ಬೆಳಿಗ್ಗೆ ಲಾರಿಗಳು ಶುರುವಾಗುವ ಮೊದಲೇ ಚಿಕ್ಕಮ್ಮ ನಮ್ಮ ಹಿತ್ತಲಿನ ನೆಲವನ್ನು ನೆನೆಸಿಬಿಟ್ಟಿದ್ದರು. ಬರಿದೇ ನೀರು ಸುರಿದದ್ದಲ್ಲ. ಬಕೆಟ್ಟಿನಿಂದ ಅಂಗೈ ತುಂಬ ಎತ್ತಿ, ಹಿಂದಕ್ಕೆ ಹೆಜ್ಜೆ ಹಾಕುತ್ತ, ಬೀಸಿ ಬೀಸಿ ಚಿಮುಕಿಸಿದ್ದು. ಮಣ್ಣು ಕಪ್ಪಾಗಿ, ಕೆಸರಾಗದೆ, ಒತ್ತಿ ಕೂತಿತ್ತು. ಗೋಡೆಯ ಮೇಲೆ ಹಳೆಯ ಸೀರೆಗಳನ್ನು ನೆನೆಸಿ ತೂಗುಹಾಕಿದ್ದರು.

ಹಲಗೆ ಬಿಚ್ಚಲು ಮೂರು ಗಂಟೆ ಹಿಡಿಯಿತು. ಒಳಗಿನ ದೀಪ, ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಗಳು, ಹಿಡಿಕೆಗಳು, ಬಾಗಿಲ ಸುತ್ತಿನ ರಬ್ಬರು, ಕಂಬಗಳ ಮೇಲಿನ ಪ್ಲಾಸ್ಟಿಕ್ಕು, ಒಂದೊಂದನ್ನೂ ಬಿಚ್ಚಿ ನಾನು ಮೊರದಲ್ಲಿ ಜೋಡಿಸಿಟ್ಟೆ. ಮುಂದಿನ ಸೀಟುಗಳನ್ನು ಪೂರ್ತಿ ಒರಗಿಸಿ, ಹಿಂದಿನ ಬಾಗಿಲಿನಿಂದ ಹಲಗೆಯನ್ನು ಇಬ್ಬರೂ ಓರೆಯಾಗಿ ಹೊರಗೆಳೆದೆವು. ಹಳೆಯ ಬಟ್ಟೆ ಎಳೆದೊಡನೆ ಬಂತು. ಅದರ ಬೆನ್ನಿಗಿದ್ದ ಸ್ಪಾಂಜು ಕೊಳೆತು, ಹಳದಿ ಪುಡಿಯಾಗಿ ಹಲಗೆಗೆ ಮೆತ್ತಿಕೊಂಡಿತ್ತು. ಬಟ್ಟೆ ಜೋತುಬೀಳಲು ಕಾರಣ ಅದೇ: ಗಮ್ ಸೋಲುವುದಿಲ್ಲ, ಸ್ಪಾಂಜು ಸಾಯುತ್ತದೆ ಎಂದರು ಚಿಕ್ಕಪ್ಪ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತೆಂಗಿನ ನಾರಿನ ಬ್ರಷ್ಷಿನಿಂದ ಆ ಪುಡಿಯನ್ನೆಲ್ಲ ತಿಕ್ಕಿ ತೆಗೆದೆವು. ಇದನ್ನು ಮಾಡದೆ ಹಳೆಯ ಪುಡಿಯ ಮೇಲೆ ಹೊಸ ಗಮ್ ಹಚ್ಚಿದರೆ, ಬಾಗಿಲು ಹಾಕಿದರೂ ತೆರೆದರೂ ವರ್ಷದೊಳಗೆ ಮತ್ತೆ ಬೀಳುತ್ತದಂತೆ. ಹಾಗಾದರೆ ಶನಿವಾರ ಒಳಗೆ ಮಲಗಿ ಮಾಡಿದ್ದು? “ಅದು ರಿಪೇರಿ” ಎಂದರು, ನನ್ನ ಮುಖ ನೋಡದೆ. “ಇದು ಕೆಲ್ಸ.”

ಹೊಸ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಅರ್ಧ ಮಡಚಿ, ಹಲಗೆಗೂ ಬಟ್ಟೆಯ ಬೆನ್ನಿಗೂ ಗಮ್ ಹಚ್ಚಿದರು. ತೆರೆದ ಹಿತ್ತಲಿನಲ್ಲಿ, ಗಾಳಿಯ ಕಡೆಗೆ ಬೆನ್ನು ಮಾಡಿ. ಎರಡು ಮಾರು ದೂರ ನಿಂತ ನನಗೆ ವಾಸನೆ ಬಂದು ಬಂದು ಹೋಗುತ್ತಿತ್ತು; ನಿಲ್ಲುತ್ತಿರಲಿಲ್ಲ. ಹಚ್ಚಿದ ಮೇಲೆ ಕಾಯಬೇಕು. ಬೆರಳಿನ ಬೆನ್ನಿನಿಂದ ಮುಟ್ಟಿದರೆ ಜಿಗುಟಾಗಬೇಕು, ಆದರೆ ಚರ್ಮಕ್ಕೆ ಬರಬಾರದು, ಅದು ಹದ. ಒಳಕೈಯಿಂದ ಮುಟ್ಟಿದ ನನ್ನನ್ನು, “ಬೆನ್ನಲ್ಲಿ ಮುಟ್ಟಬೇಕು ತಾಯಿ, ಒಳಕೈ ಸುಳ್ಳು ಹೇಳುತ್ತೆ” ಎಂದು ತಿದ್ದಿದರು. ಚೆನ್ನಾಗಿ ಕಲಿಸುತ್ತಿದ್ದರು. ನನಗಿಂತ ಚೆನ್ನಾಗಿ, ಏಕೆಂದರೆ ಅವರು ತಾವು ಮಾಡದ ಯಾವುದನ್ನೂ ಹೇಳುತ್ತಿರಲಿಲ್ಲ.

ಆ ಕಾಯುವ ಹೊತ್ತಿನಲ್ಲಿ ನಾನು ವಾದ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ.

“ನಾಳೆ ಆ ಹೆಂಗಸರಿಗೆ ಮೊದಲನೇ ಪಾಠ ಏನು ಹೇಳಿಕೊಡ್ತೀಯ ಚಿಕ್ಕಪ್ಪ?”

“ಮೊದ್ಲು...” ಎಂದರು. ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. ಅದು ಏನೆಂದು ಇಬ್ಬರಿಗೂ ಗೊತ್ತಿತ್ತು. ಫ್ಯಾಕ್ಟರಿಯಲ್ಲಿ ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದೂ ಅದೇ: ಮೊದಲು ಶಟರ್ ಇಳಿಸಿ.

ನೆನೆದ ನೆಲವನ್ನು ನೋಡಿದರು. ಆಮೇಲೆ ಹೇಳಿದರು: “ನೀರು ಕಣವ್ವ. ಬರೀ ನೀರು. ಇಪ್ಪತ್ತೆರಡು ವರ್ಷ ಅಲ್ಲಿ ನಲ್ಲಿ ಬಾಗ್ಲ ಪಕ್ಕದಾಗೇ ಇತ್ತು.”

ಹದ ಬಂದಿತ್ತು. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತ ಬಟ್ಟೆಯನ್ನು ಮಲಗಿಸಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಸೋಮವಾರ ಅವರು ಹೊಸ ಅಂಗಿ ಹಾಕಿಕೊಂಡು ಹೋದರು. ತಡೆಯುವ ಮಾತನ್ನು ನಾನು ಆಡಲಿಲ್ಲ. ಅವರು ಏನನ್ನು ಕಲಿಸಲು ಹೋಗುತ್ತಿದ್ದಾರೆಂದು ಈಗ ನನಗೆ ಗೊತ್ತಿತ್ತು. ಹನ್ನೊಂದು ಹೆಂಗಸರಿಗೂ ಒಂದೊಂದು ಚೊಂಬು ಕೊಟ್ಟು, ಶಟರಿನ ಒಳಗೂ ಹೊರಗೂ ನೀರು ಚಿಮುಕಿಸಿ ಎಂದರಂತೆ. ಅದನ್ನು ಅವರಿಗೆ ಕಲಿಸಬೇಕಾಗಿರಲಿಲ್ಲ. “ಇದನ್ನ ಹೇಳಿಕೊಡಾಕೆ ಸಂಬ್ಳ ಕೊಡ್ತಾರಾ ನಿಮಗೆ?” ಎಂದು ಒಬ್ಬಾಕೆ ನಕ್ಕಳಂತೆ. ಶಟರುಗಳನ್ನು ಎತ್ತಿಸಿದರು. ಫ್ಯಾನು ಹಾಕಿಸಿದರು. ಬೀರುವಿನಲ್ಲಿ ಬೀಗ ಹಾಕಿಟ್ಟು, ಯಾರಾದರೂ ನೋಡಲು ಬಂದಾಗ ಮಾತ್ರ ಹೊರತೆಗೆಯುತ್ತಿದ್ದ ಮಾಸ್ಕುಗಳನ್ನು ಕೇಳಿ ಹಂಚಿಸಿದರು. ಮೂರು ದಿನ ಹಾಗೆ ನಡೆಯಿತು. ಪೀಸುಗಳು ರಿಜೆಕ್ಟ್ ಆಗಲಿಲ್ಲ.

ನಾಲ್ಕನೆಯ ದಿನ ಮೇಲಿನವರೊಬ್ಬರು ಬಂದು ಶಟರ್ ಎತ್ತಿದ್ದು ಯಾರು ಎಂದು ಕೇಳಿದರು. ಮಾತು ಹೀಗೆ ನಡೆಯಿತು ಎಂದು ಚಿಕ್ಕಪ್ಪ ನನಗೆ ಹೇಳಿದರು.

“ಗುಳ್ಳೆ ಬಂದ್ರೆ ಯಾರು ಜವಾಬ್ದಾರಿ?”

“ಬಂದಿಲ್ವಲ್ಲ ಸಾರ್.”

“ಬಂದ್ರೆ?”

“ನೋಡಿ ಸಾರ್, ಮೂರು ದಿನದ ಪೀಸು ಇಲ್ಲೇ ಐತೆ.”

“ಬಂದ್ರೆ ಅಂತ ಕೇಳ್ದೆ.”

ಸಂಜೆ ಕಂಟ್ರಾಕ್ಟರ್, ನಾಳೆಯಿಂದ ಬೇಡ, ಬೇಕಾದಾಗ ಫೋನು ಮಾಡುತ್ತೇನೆ ಎಂದ. ಫೋನು ಬರಲಿಲ್ಲ. ಅಲ್ಲಿಯ ಒಬ್ಬ ಹೆಂಗಸು ನಮ್ಮ ಊರಿನವಳೇ. ಮರುದಿನವೇ ಶಟರ್ ಇಳಿಯಿತು ಎಂದು ಅವಳು ಚಿಕ್ಕಮ್ಮನಿಗೆ ಹೇಳಿದಳು. ಸಂಜೆ ಬೆಲ್ಲ ಕೊಡುತ್ತಾರೆ ಎಂದೂ ಹೇಳಿದಳು.

ಆಗದಿದ್ದ ತಪ್ಪಿಗೆ ಒಬ್ಬ ಮನುಷ್ಯನನ್ನು ಹೊರಗೆ ಹಾಕಲಾಯಿತು. ಆಗಿಹೋದ ತಪ್ಪಿಗೆ ಇಪ್ಪತ್ತೆರಡು ವರ್ಷ ಯಾರೂ ಯಾರನ್ನೂ ಏನನ್ನೂ ಕೇಳಲಿಲ್ಲ. ಸಂಬಂಧಪಟ್ಟ ಇಲಾಖೆಗೆ ಅರ್ಜಿ ಬರೆದಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನನ್ನ ಬಳಿ ಇದೆ; ಅದರಾಚೆ ಇನ್ನೂ ಏನೂ ಇಲ್ಲ. ಚಿಕ್ಕಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಉಸಿರು ಅಳೆಯುವ ನಳಿಕೆಯೊಳಗೆ ಊದಿಸಿದರು. ಹೋದ ಉಸಿರು ಪೂರ್ತಿ ಮರಳುವುದಿಲ್ಲ, ಮೂಗಿನ ಬಗ್ಗೆ ಭರವಸೆ ಕೊಡಲಾರೆ, ಆದರೆ ಗಮ್ಮಿನಿಂದ ದೂರವಿದ್ದರೆ ಇರುವುದು ಉಳಿಯುತ್ತದೆ ಎಂದರು ವೈದ್ಯರು. ಚಿಕ್ಕಪ್ಪ ದೂರವಿದ್ದಾರೆ. ಆ ಹನ್ನೊಂದು ಜನ ದೂರವಿಲ್ಲ.

ಹಿಂದೆ ಹೋಗಿದ್ದ ಕುಶನ್ ಅಂಗಡಿಗೆ ಚಿಕ್ಕಪ್ಪನನ್ನೇ ಕರೆದುಕೊಂಡು ಮತ್ತೆ ಹೋದೆ. ಹಲಗೆ ಹೊರತೆಗೆದು, ನೆಲ ನೆನೆಸಿ, ಬಯಲಿನಲ್ಲಿ ಮಾಡಬಹುದು ಎಂದು ಅವರು ಅಂಗಡಿಯವನಿಗೆ ನಿಧಾನವಾಗಿ ವಿವರಿಸಿದರು. ಅವನು ಅಲ್ಲಗಳೆಯಲಿಲ್ಲ. “ಗೊತ್ತು ಯಜಮಾನ್ರೇ. ಆದ್ರೆ ಗಿರಾಕಿ ಸಂಜೆಗೇ ಕೇಳ್ತಾರಲ್ಲ. ಎರಡು ದಿನ ಅಂದ್ರೆ ಪಕ್ಕದಂಗಡಿಗೆ ಹೋಗ್ತಾರೆ” ಎಂದು ಹೇಳಿ ನನ್ನ ಕಡೆ ನೋಡಿದ. ಸಂಜೆ ಎಷ್ಟು ಗಂಟೆಗೆ ಎಂದು ಕೇಳಿದ್ದ ಗಿರಾಕಿ ನಾನೇ ಎಂಬುದು ಅವನಿಗೆ ನೆನಪಿತ್ತೋ ಇಲ್ಲವೋ ತಿಳಿಯದು. ನಾನು ತಲೆ ತಗ್ಗಿಸಿದೆ.

ಫ್ಯಾಕ್ಟರಿಯ ಶಟರನ್ನು ಎತ್ತಿಸುವುದು ಇವತ್ತೇ ನಿಮ್ಮಿಂದಾಗಲಿ ನನ್ನಿಂದಾಗಲಿ ಆಗುವ ಕೆಲಸವಲ್ಲ. ಆದರೆ ನಿಮ್ಮ ಕಾರಿನ ಬಾಗಿಲು ನಿಮ್ಮದು. ಒಳಚಾವಣಿಯ ಬಟ್ಟೆಯನ್ನೋ ಸೀಟಿನ ಹೊದಿಕೆಯನ್ನೋ ಬದಲಾಯಿಸಲು ಕೊಟ್ಟಾಗ, ಹಲಗೆಯನ್ನು ಹೊರತೆಗೆದು ಬಯಲಿನಲ್ಲಿ ಗಮ್ ಹಚ್ಚಿ ಎಂದು ಕೆಲಸದವರಿಗೆ ಬಾಯಿಬಿಟ್ಟು ಹೇಳಿ. ಒಳಗೇ ಮಾಡಬೇಕಾದ ಕಡೆ ನಾಲ್ಕು ಬಾಗಿಲುಗಳನ್ನೂ ನೀವೇ ತೆರೆದು ನಿಲ್ಲಿಸಿ ಬನ್ನಿ. ಎರಡು ದಿನ ಬೇಕೆಂದರೆ ಒಪ್ಪಿಕೊಳ್ಳಿ, ಸಂಜೆಗೆ ಬೇಕೆಂದು ಕೇಳಬೇಡಿ. ಬಟ್ಟೆಯಲ್ಲಿ ಒಂದೆರಡು ಗುಳ್ಳೆ ಬಂದರೆ ಅದಕ್ಕಾಗಿ ದಯವಿಟ್ಟು ಅವರೊಂದಿಗೆ ಜಗಳವಾಡಬೇಡಿ.